ಹೇಳಿಕೆಗೆ ಭೂಮಿ ಸುತ್ತಿದ ಸಂಜೀವಣ್ಣ

2015ರ ಅಕ್ಟೋಬರ್‌ನಲ್ಲಿ ಮುಳ್ಳೇರಿಯದ ಹಾರ್ಡ್‌ವೇರ್ ವ್ಯಾಪಾರಿ ಸಂಜೀವಣ್ಣ, ಮಗಳ ಮದುವೆಯ ಹೇಳಿಕೆ ಹೇಳುವುದಕ್ಕಾಗಿ ವಿಮಾನದಲ್ಲಿ ಭೂಮಿಗೆ ಒಂದು ಸುತ್ತು ಬಂದರು. ಪೂರ್ವಕ್ಕೆ ಹೊರಟು ಪಶ್ಚಿಮದಿಂದ ಮನೆ ತಲುಪಿದರು. ಎಲ್ಲ ವಿಮಾನಗಳಲ್ಲೂ ಬಿಸಿನೆಸ್ ಕ್ಲಾಸ್. ಆ ಟಿಕೆಟ್ ಮಾಡಿದವಳು ನಾನು.

ಆಗ ನಾನು ಕಾಸರಗೋಡು ಪೇಟೆಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದೆ. 2001ರಲ್ಲಿ ಅಲ್ಲಿಗೆ ಸೇರಿದ್ದು. ಅದಕ್ಕೂ ಮೊದಲು ಮಂಗಳೂರಿನ ಒಂದು ಸಂಜೆ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಹೇಳುವ ಅಭ್ಯಾಸ ಅಲ್ಲಿಂದ ಬಂದದ್ದು. ಈ ಪ್ರಕರಣದಲ್ಲಿ ನಾನು ಕಂಡದ್ದು ಅರ್ಧ, ಫೋನಿನಲ್ಲಿ ಕೇಳಿದ್ದು ಅರ್ಧ. ಮಾತುಕತೆ ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮ ಕೌಂಟರಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಗಲ್ಫಿಗೆ ಹೋಗುವವರು. ಹಾಗಾಗಿ ಕಾಸರಗೋಡಿನ ಟಿಕೆಟಿಂಗ್‌ನವರಿಗೆ ಪ್ರಪಂಚ ಶುರುವಾಗುವುದೇ ದುಬೈಯಿಂದ. ಲಂಡನ್ನಿಗೂ ದುಬೈ ಮೂಲಕ, ಟೊರೊಂಟೊಕ್ಕೂ ದುಬೈ ಮೂಲಕ. ಒಮ್ಮೆ ಕೊಲಂಬೊಗೆ ಹೋಗುವವರೊಬ್ಬರಿಗೂ ನನ್ನ ಬೆರಳುಗಳು ತಾವಾಗಿಯೇ ದುಬೈ ಎಂದು ಟೈಪ್ ಮಾಡಿದ್ದವು.

ಸಂಜೀವಣ್ಣ ಬಂದದ್ದು ಜುಲೈ ತಿಂಗಳಲ್ಲಿ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಕುರ್ಚಿಯಲ್ಲಿ ಜೋಪಾನವಾಗಿ ಓರೆಯಾಗಿ ಕುಳಿತರು. ಹಿಂದಿನ ವರ್ಷ ಅವರಿಗೆ ಸೊಂಟದ ಆಪರೇಷನ್ ಆಗಿತ್ತು.

“ಬಾಯಮ್ಮ, ಭೂಮಿ ಸುತ್ತುವ ಟಿಕೆಟ್ ಉಂಟಾ ನಿಮ್ಮಲ್ಲಿ?”

“ಉಂಟು. ಯಾರಿಗೆ?”

“ನನಗೇ. ಜನವರಿಯಲ್ಲಿ ಮಗಳ ಮದುವೆ. ಹೇಳಿಕೆ ಹೇಳ್ಲಿಕ್ಕೆ ಹೋಗ್ಬೇಕು. ಮಲಗುವ ಸೀಟೇ ಆಗ್ಬೇಕು. ಹೇಳಿಕೆಗೆ ಹೋದವ ಬಾಗಿಲಲ್ಲಿ ಸೊಂಟ ಹಿಡಿದು ನಿಂತ್ರೆ, ಮದುವೆಗೆ ಕರೀಲಿಕ್ಕೆ ಬಂದದ್ದಾ ಔಷಧಿ ಕೇಳ್ಲಿಕ್ಕೆ ಬಂದದ್ದಾ ಅಂತ ಅವರಿಗೆ ಸಂಶಯ ಬಂದೀತು.”

ಹೊರಗಿನ ಓದುಗರಿಗೆ ಒಂದು ವಿವರಣೆ ಬೇಕು. ಹೇಳಿಕೆ ಎಂದರೆ ಮದುವೆಗೆ ಕರೆಯುವುದು. ಕಾಗದ ಅಂಚೆಗೆ ಹಾಕಿದರೆ ಅದು ಹೇಳಿಕೆ ಅಲ್ಲ. ಮನೆಗೆ ಹೋಗಿ, ಹೊಸ್ತಿಲು ದಾಟಿ, ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು, ಬಾಯಿ ಬಿಟ್ಟು ಕರೆಯಬೇಕು. ಸಂಜೀವಣ್ಣನ ಮನೆತನದಲ್ಲಿ ಅದಕ್ಕೆ ಕ್ರಮವೂ ಇತ್ತು: ಒಡಹುಟ್ಟಿದವರಲ್ಲಿ ಹಿರಿಯರಿಗೆ ಮೊದಲು, ಕಿರಿಯರಿಗೆ ಆಮೇಲೆ.

ಒಡಹುಟ್ಟಿದವರು ಐದು ಮಂದಿ. ಹಿರಿಯವರು ಸುಮತಿ ಅಕ್ಕ. ಮಗನ ಸಂಸಾರದೊಂದಿಗೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದರು. ಎರಡನೆಯವರು ಅಣ್ಣ, ಲಂಡನ್ನಿನಲ್ಲಿ. ಮೂರನೆಯವರು ಸಂಜೀವಣ್ಣ. ನಾಲ್ಕನೆಯ ತಮ್ಮ ಟೊರೊಂಟೊದಲ್ಲಿ, ಕೊನೆಯವ ದುಬೈಯಲ್ಲಿ.

ತೊಂದರೆ ಇದ್ದದ್ದು ಅಕ್ಕನ ವಿಷಯದಲ್ಲಿ. ಏಳು ವರ್ಷಗಳ ಹಿಂದೆ ಸಂಜೀವಣ್ಣನ ದೊಡ್ಡ ಮಗಳ ಮದುವೆಯಾದಾಗ ಅಕ್ಕನಿಗೆ ಫೋನಿನಲ್ಲಿ ಹೇಳಿ ಮುಗಿಸಿದ್ದರು. ದುಬೈಯ ತಮ್ಮನಿಗೆ ಮಾತ್ರ, ಬೇರೆ ಕೆಲಸಕ್ಕೆಂದು ಅಲ್ಲಿಗೆ ಹೋದಾಗ, ಮನೆಗೇ ಹೋಗಿ ಹೇಳಿದ್ದರು. ಅದು ಅಕ್ಕನ ಕಿವಿಗೆ ಬಿತ್ತು. ಮುಹೂರ್ತದ ದಿನ ಅವರು ಫೋನ್ ಮಾಡಿ, “ಫೋನಿನಲ್ಲಿ ಹೇಳಿದ ಮದುವೆಗೆ ಫೋನಿನಲ್ಲೇ ಆಶೀರ್ವಾದ” ಎಂದು ಹೇಳಿ ಇಟ್ಟವರು ಆಮೇಲೆ ಊರಿಗೆ ಬಂದಿರಲಿಲ್ಲ. ತಮ್ಮನೊಡನೆ ಮಾತೂ ಇರಲಿಲ್ಲ.

“ಧಾರೆ ಎರೆಯುವಾಗ ಅಕ್ಕ ಪಕ್ಕದಲ್ಲಿ ಬೇಕು ಬಾಯಮ್ಮ. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಅವಳೇ” ಎಂದರು ಸಂಜೀವಣ್ಣ. “ಎರಡು ಲಾರಿಯಲ್ಲಿ ಒಂದನ್ನು ಮಾರಿದ್ದೇನೆ. ಮಾರಿದ್ದು ಮಾರಿ ಆಯಿತು, ಇನ್ನು ಅದು ಆಕಾಶದಲ್ಲಿ ಓಡಲಿ.”

ರೌಂಡ್ ದ ವರ್ಲ್ಡ್ ಟಿಕೆಟ್ ಎಂದರೆ ಕೆಲವು ವಿಮಾನ ಕಂಪೆನಿಗಳು ಒಟ್ಟುಗೂಡಿ ಕೊಡುವ ಒಂದೇ ಟಿಕೆಟ್. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ, ಆದರೆ ಷರತ್ತುಗಳು ಬಿಗಿ. ಹೊರಟ ದೇಶದಲ್ಲೇ ಮುಗಿಯಬೇಕು. ಪೂರ್ವಕ್ಕೋ ಪಶ್ಚಿಮಕ್ಕೋ ಒಂದೇ ದಿಕ್ಕಿನಲ್ಲಿ ಹೋಗಬೇಕು. ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಸಾಗರಗಳನ್ನು ಒಂದೊಂದು ಸಲ ಮಾತ್ರ ದಾಟಬಹುದು. ದಾಟಿದ ಮೇಲೆ ಹಿಂದಿರುಗುವ ಹಾಗಿಲ್ಲ.

ಅಷ್ಟು ವರ್ಷಗಳ ಕೆಲಸದಲ್ಲಿ ಇಂಥ ಟಿಕೆಟ್ ನನಗೆ ಅದೇ ಮೊದಲು. ಉತ್ಸಾಹದಿಂದ ಎರಡು ದಿನ ಕುಳಿತು ದಾರಿ ಹಾಕಿದೆ. ಮಂಗಳೂರು ಬಿಟ್ಟು ದುಬೈ, ಲಂಡನ್, ಟೊರೊಂಟೊ, ಆಕ್ಲೆಂಡ್, ಸಿಂಗಾಪುರ, ಕೊಚ್ಚಿ. ಎಲ್ಲಿಯೂ ದೀರ್ಘ ಕಾಯುವಿಕೆ ಇಲ್ಲ. ನೋಡಲು ಚಂದ ಇತ್ತು. ಸಂಜೀವಣ್ಣ ಕನ್ನಡಕ ಹಾಕಿ ಓದಿದರು. ಓದಿ ನನ್ನನ್ನೇ ನೋಡಿದರು.

“ಎಂತ ಬಾಯಮ್ಮ ಇದು? ಹೋದ ಸಲದ ಹಾಗೆಯೇ ಮಾಡಿದ್ದೀರಲ್ಲ! ಕಿರಿಯವನಿಗೆ ಮೊದಲು, ಅಕ್ಕನಿಗೆ ಕೊನೆಗೆ. ನಾನು ದುಬೈಯಲ್ಲಿ ಚಾ ಕುಡಿದು ಮುಗಿಸುವಷ್ಟರಲ್ಲಿ ಆಕ್ಲೆಂಡಿಗೆ ಸುದ್ದಿ ಮುಟ್ಟುತ್ತದೆ.”

ಊರಿನ ಟಿಕೆಟಿಂಗ್‌ನವರೆಲ್ಲ ಮಾಡುವುದನ್ನೇ ನಾನೂ ಮಾಡಿದ್ದೆ. ದಿಕ್ಕು ತಿರುಗಿಸಿದೆ. ಕೊಚ್ಚಿಯಿಂದ ಸಿಂಗಾಪುರ, ಅಲ್ಲಿಂದ ಆಕ್ಲೆಂಡ್. ಅಕ್ಕನೇ ಮೊದಲು. ಆಕ್ಲೆಂಡಿನಿಂದ ಹೋಗಿ ಅಮೆರಿಕದಲ್ಲಿ ಇಳಿದರೆ, ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕಾಗುತ್ತದೆ. ಅದನ್ನು ತಪ್ಪಿಸಲು ನೇರವಾಗಿ ಕೆನಡಾದ ವ್ಯಾಂಕೂವರ್, ಆಮೇಲೆ ಟೊರೊಂಟೊ, ಲಂಡನ್, ದುಬೈ. ಕೊನೆಗೆ ಮುಂಬಯಿಯಲ್ಲಿ ಇಳಿದು ಮಂಗಳೂರು. ದುಬೈ ಕೊನೆಗೆ ಬಂದದ್ದರಿಂದ ಕಿರಿಯವನ ಲೆಕ್ಕವೂ ಸರಿಯಾಯಿತು.

ಉಳಿದದ್ದು ಒಂದು ಗಂಟು. ಲಂಡನ್ನಿನ ಅಣ್ಣ ದೊಡ್ಡವರು, ಟೊರೊಂಟೊದ ತಮ್ಮ ಚಿಕ್ಕವ. ಪೂರ್ವಕ್ಕೆ ಹೋದರೆ ಟೊರೊಂಟೊ ಮೊದಲು ಸಿಗುತ್ತದೆ. ಅಟ್ಲಾಂಟಿಕ್ ದಾಟಿ ಲಂಡನ್ನಿಗೆ ಹೋಗಿ ಮತ್ತೆ ಟೊರೊಂಟೊಕ್ಕೆ ಬರಲು ಟಿಕೆಟ್ ಬಿಡುವುದಿಲ್ಲ. ನಾನು ಅದನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದೆ.

ಸಂಜೀವಣ್ಣ ನಕ್ಷೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. “ನಡೆದು ಹೋಗುವ ಕಾಲದಲ್ಲಿಯೂ ಹೀಗೆ ಆಗುತ್ತಿತ್ತು” ಎಂದರು. “ಅಣ್ಣನ ಮನೆ ಗುಡ್ಡದಾಚೆ, ತಮ್ಮನ ಮನೆ ಈಚೆ. ಆಗ ಅಜ್ಜ ಅಣ್ಣನಲ್ಲಿಗೆ ಜನ ಕಳಿಸಿ ದಾರಿ ಕೇಳುತ್ತಿದ್ದರು. ದಾರಿಯಲ್ಲಿ ತಮ್ಮನ ಮನೆ ಸಿಗುತ್ತದೆ, ಅಲ್ಲಿ ಹತ್ತಿ ಇಳಿದು ಬರಬಹುದಾ ಅಂತ. ಅಣ್ಣ ಹ್ಞೂಂ ಅಂದ್ರೆ ಆಯಿತು. ಯಾಕೆ ಬರುವುದು ಅಂತ ಮಾತ್ರ ಹೇಳ್ಬಾರದು. ಹೇಳಿದ್ರೆ ಅದೇ ಹೇಳಿಕೆ ಆಗಿಬಿಡ್ತದೆ.”

ನನ್ನ ಮೇಜಿನ ಫೋನಿನಿಂದಲೇ ಲಂಡನ್ನಿಗೆ ಕರೆ ಮಾಡಿದರು. ಕಿವಿ ಸ್ವಲ್ಪ ಮಂದ ಇದ್ದುದರಿಂದ ಸ್ಪೀಕರ್ ಹಾಕಿಸಿಕೊಂಡರು. ಆದ್ದರಿಂದ ಮುಂದಿನದು ನಾನು ಕೇಳಿದ್ದೇ.

“ಅಣ್ಣ, ನಾನು ಅಕ್ಟೋಬರ್‌ನಲ್ಲಿ ನಿನ್ನಲ್ಲಿಗೆ ಬರ್ತೇನೆ.”

“ಬಾ. ಎಂತ ವಿಶೇಷ?”

“ವಿಶೇಷ ಬಂದೇ ಹೇಳುವುದು. ದಾರಿಯಲ್ಲಿ ಟೊರೊಂಟೊದ ತಮ್ಮನ ಮನೆ ಸಿಗ್ತದೆ. ಹತ್ತಿಕೊಂಡು ಬರ್ಲಾ?”

“ಮುಳ್ಳೇರಿಯದಿಂದ ಲಂಡನ್ನಿಗೆ ಬರುವಾಗ ಟೊರೊಂಟೊ ಯಾವ ದಾರಿಯಲ್ಲಿ ಸಿಗುವುದು ಮಾರಾಯ? ಯಾರು ನಿನಗೆ ಟಿಕೆಟ್ ಮಾಡಿದ್ದು?”

ನಾನು ಕೆಮ್ಮಿದೆ.

“ನಾನು ಆಚೆಯಿಂದ ಸುತ್ತಿ ಬರುವವ ಅಣ್ಣ. ಆಕ್ಲೆಂಡಿನಿಂದ.”

ಲೈನ್ ಹೋಯಿತೆಂದು ನಾನು ಕೈ ಚಾಚಿದೆ. ಅಷ್ಟರಲ್ಲಿ ಅಣ್ಣನ ಧ್ವನಿ ಬಂತು, ಮೊದಲಿನಷ್ಟು ಜೋರಾಗಿ ಅಲ್ಲ.

“ಅಕ್ಕನಲ್ಲಿಗೆ ಹೋಗ್ತಿಯಾ ಸಂಜೀವ? ಹಾಗಾದ್ರೆ ಎಲ್ಲಿ ಬೇಕಾದ್ರೂ ಹತ್ತಿಕೊಂಡು ಬಾ. ನನಗೆ ಕೊನೆಗೆ ಹೇಳಿದ್ರೂ ಅಡ್ಡಿ ಇಲ್ಲ.”

“ಅಕ್ಕನಿಗೆ ತಿಳಿಸ್ಬೇಡ. ಬರ್ಬೇಡ ಅಂದಾಳು. ಫೋನಿನಲ್ಲಿ ಅವಳು ಎಂತದೂ ಹೇಳಿಯಾಳು, ಬಾಗಿಲಲ್ಲಿ ನಿಂತವನನ್ನು ಹೋಗು ಅನ್ನಲಿಕ್ಕಿಲ್ಲ.”

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ವೀಸಾಗಳೆಲ್ಲ ಬಂದವು. ಮೂರು ಊರುಗಳಲ್ಲಿ ತಮ್ಮಂದಿರ ಮತ್ತು ಅಣ್ಣನ ಮನೆ ಇದ್ದುದರಿಂದ ಹೋಟೆಲ್ ಬೇಕಿರಲಿಲ್ಲ. ಆಕ್ಲೆಂಡಿನಲ್ಲಿ ಮಾತ್ರ ಒಂದು ರೂಮು ಬುಕ್ ಮಾಡಿದೆವು. “ಅಕ್ಕ ಒಳಗೆ ಕರೆಯದಿದ್ರೆ ಮಲಗ್ಲಿಕ್ಕೆ ಜಾಗ ಬೇಕಲ್ಲ” ಎಂದಿದ್ದರು ಸಂಜೀವಣ್ಣ. ಕೊನೆಯ ಗಳಿಗೆಯಲ್ಲೂ ರದ್ದು ಮಾಡಬಹುದಾದ ರೂಮನ್ನೇ ಹುಡುಕಿದ್ದೆ.

ವೀಳ್ಯದ ಬಗ್ಗೆ ಒಂದು ಎಚ್ಚರಿಕೆ ಕೊಟ್ಟೆ. ನ್ಯೂಜಿಲೆಂಡಿನಲ್ಲಿ ಎಲೆ, ಕಾಯಿ, ಬೀಜಗಳನ್ನು ಒಳಗೆ ಬಿಡುವ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಯ್ಯದಿರುವುದೇ ಒಳ್ಳೆಯದು, ಒಯ್ದರೆ ಇಳಿದ ಕೂಡಲೇ ಬರೆದು ತಿಳಿಸಬೇಕು.

“ಅಡಿಕೆ ಇಲ್ಲದೆ ಎಂಥ ಹೇಳಿಕೆ ಬಾಯಮ್ಮ? ತಿಳಿಸುವ. ನಾನೇನು ಕದ್ದು ತಂದದ್ದಾ?”

ಇನ್ನೊಂದು ಮಾತನ್ನೂ ಹೇಳಿದೆ. ಆಕ್ಲೆಂಡಿನಲ್ಲಿ ಶುಕ್ರವಾರ ಸಂಜೆ ವಿಮಾನ ಹತ್ತಿದರೆ ವ್ಯಾಂಕೂವರಿನಲ್ಲಿ ಅದೇ ಶುಕ್ರವಾರ ಮಧ್ಯಾಹ್ನ ಇಳಿಯುತ್ತಾರೆ, ಏಕೆಂದರೆ ನಡುವೆ ದಿನಾಂಕ ಬದಲಾಗುವ ಗೆರೆ ಇದೆ. ಸಂಜೀವಣ್ಣ ಖುಷಿಯಾದರು. “ಒಂದು ಶುಕ್ರವಾರಕ್ಕೆ ಇನ್ನೊಂದು ಫ್ರೀ! ಬಟ್ಟೆ ಅಂಗಡಿಯವರಿಗೂ ಇದು ಗೊತ್ತಿಲ್ಲ.”

ಅವರು ಕೊಚ್ಚಿಯಿಂದ ಹೊರಟ ಮೇಲೆ ಮೂರನೆಯ ದಿನ, ಬೆಳಿಗ್ಗೆ ಆಫೀಸು ತೆರೆದು ಸ್ವಲ್ಪ ಹೊತ್ತಿಗೆ ಫೋನ್ ಬಂತು. ಉದ್ದದ ನಂಬರ್ ನೋಡಿ ಎತ್ತಿದೆ.

“ಬಾಯಮ್ಮ,” ಎಂದರು ಸಂಜೀವಣ್ಣ, “ಆ ಹೋಟೆಲ್ ಕ್ಯಾನ್ಸಲ್ ಮಾಡಿ.”

ಪಕ್ಕದ ಟೇಬಲಿನವರು ಏನು ಎಂದು ಕೇಳುವಷ್ಟು ಜೋರಾಗಿ ನಾನು ನಕ್ಕೆನಂತೆ.

ನಡೆದದ್ದನ್ನು ಸಂಜೀವಣ್ಣ ಆಗ ತುಂಡುತುಂಡಾಗಿ, ಊರಿಗೆ ಬಂದ ಮೇಲೆ ಪೂರ್ತಿಯಾಗಿ ಹೇಳಿದರು. ವಿಮಾನ ನಿಲ್ದಾಣದಲ್ಲಿ ವೀಳ್ಯದೆಲೆ, ಅಡಿಕೆ ಎರಡನ್ನೂ ಬರೆದು ತಿಳಿಸಿದರು. ಅಧಿಕಾರಿ ನಗುತ್ತಲೇ ಎರಡನ್ನೂ ತೆಗೆದುಕೊಂಡು, ಹರಿವಾಣವನ್ನು ಮರಳಿ ಕೊಟ್ಟ. ಖಾಲಿ ಹರಿವಾಣ ಹಿಡಿದುಕೊಂಡೇ ಅಕ್ಕನ ಮನೆಯ ಕರೆಗಂಟೆ ಒತ್ತಿದರು. ಬಾಗಿಲು ತೆರೆದವರು ಸುಮತಿ ಅಕ್ಕ.

“ಖಾಲಿ ಹರಿವಾಣ ಹಿಡಿದು ಭೂಮಿ ಸುತ್ತುವವ ನೀನೊಬ್ಬನೇ ಸಂಜೀವ. ನಿಂತದ್ದು ಎಂತಕ್ಕೆ? ಒಳಗೆ ಬಾ.”

ಒಳಗೆ ನೋಡಿದರೆ ಊಟಕ್ಕೆ ಎಲೆ ಹಾಕಿತ್ತು. ಎತ್ತರದ ಮಂಚ ಬೇಕೆಂದು ಸೊಂಟದ ಸಂಗತಿ ತಿಳಿದವರ ಹಾಗೆ ಹಾಸಿಗೆಯ ಮೇಲೆ ಇನ್ನೊಂದು ಹಾಸಿಗೆ ಹಾಕಿ ಇಟ್ಟಿತ್ತು. ಫ್ರಿಜ್ಜಿನಲ್ಲಿ ಫಿಜಿ ಕಡೆಯ ಭಾರತೀಯರ ಅಂಗಡಿಯಿಂದ ತಂದ ವೀಳ್ಯದೆಲೆ, ಅಡಿಕೆ. ಜುಲೈಯಲ್ಲಿ ಸಂಜೀವಣ್ಣ ನನ್ನ ಮೇಜಿನಿಂದ ಮಾತಾಡಿ ಫೋನ್ ಇಟ್ಟ ಕೂಡಲೇ ಲಂಡನ್ನಿನ ಅಣ್ಣ ಆಕ್ಲೆಂಡಿಗೆ ಕರೆ ಮಾಡಿದ್ದರು. ಮೂರು ತಿಂಗಳು ಅಕ್ಕ ಒಂದು ಮಾತೂ ಆಡದೆ ಕಾದಿದ್ದರು.

ಎಲೆ ಅಡಿಕೆಯನ್ನು ಅಕ್ಕನೇ ತಂದು ತಮ್ಮನ ಹರಿವಾಣದಲ್ಲಿ ಇಟ್ಟರಂತೆ. ಆಮೇಲೆ ಸೆರಗು ಸರಿಮಾಡಿಕೊಂಡು ಸೋಫಾದಲ್ಲಿ ಕುಳಿತು, “ಈಗ ಕ್ರಮದಲ್ಲಿ ಹೇಳು” ಎಂದರಂತೆ. ಹೇಳಲು ಹೊರಟ ಸಂಜೀವಣ್ಣ ಮೊದಲ ಮಾತಿಗೇ ತಡವರಿಸಿದರು. “ಫೋನಿನಲ್ಲಿ ಆದ್ರೆ ಚಂದ ಹೇಳ್ತಿದ್ದಿಯಲ್ಲ” ಎಂದು ಅಕ್ಕ ಚುಚ್ಚಿದ ಮೇಲೆ ಇಬ್ಬರೂ ನಕ್ಕು, ಆ ನಗುವಿನ ನಡುವೆಯೇ ಹೇಳಿಕೆ ಮುಗಿಯಿತು.

ಮಾರನೆಯ ದಿನ ಮತ್ತೆ ಫೋನ್ ಬಂತು. ಅಕ್ಕ ಇನ್ನೊಂದು ವಾರ ಬಿಡುವುದಿಲ್ಲ. ಈ ಟಿಕೆಟಿನಲ್ಲಿ ದಿಕ್ಕು ಬದಲಿಸಲಾಗದಿದ್ದರೂ ದಿನಾಂಕ ಬದಲಿಸಬಹುದು. ಮುಂದಿನ ಎಲ್ಲ ವಿಮಾನಗಳನ್ನು ಒಂದು ವಾರ ಸರಿಸಿದೆ. ಶುಕ್ರವಾರದ ವಿಮಾನ ಶುಕ್ರವಾರವೇ ಉಳಿಯಿತು. ಟೊರೊಂಟೊದಲ್ಲಿ ತಮ್ಮನ ಮಕ್ಕಳು ಹೇಳಿಕೆಯನ್ನು ವಿಡಿಯೊ ಮಾಡಿಕೊಂಡರು. ಲಂಡನ್ನಿನ ಅಣ್ಣ ಆಮಂತ್ರಣ ಪತ್ರಿಕೆ ಮೊದಲ ಸಲ ನೋಡುವವರ ಹಾಗೆ ಎರಡು ಸಲ ಓದಿ, “ಓಹೋ, ಮದುವೆಯಾ?” ಎಂದರು. ದುಬೈಯ ತಮ್ಮ ವಿಮಾನ ನಿಲ್ದಾಣದಲ್ಲೇ ಕಾಲು ಹಿಡಿದು, ತನಗೆ ಕೊನೆಗೆ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದ. ಏಳು ವರ್ಷ ಅಕ್ಕನ ಬೈಗುಳ ಕೇಳಿದ್ದು ಅವನೇ.

2016ರ ಜನವರಿ ಕೊನೆಯಲ್ಲಿ ಮುಳ್ಳೇರಿಯದ ಸಭಾಂಗಣದಲ್ಲಿ ಮದುವೆ ನಡೆಯಿತು. ಸಂಜೀವಣ್ಣ ನನ್ನಲ್ಲಿಗೂ ಬಂದು ಹೇಳಿದ್ದರಿಂದ ಹೋಗಿದ್ದೆ. ಇದು ಕಣ್ಣಾರೆ ಕಂಡದ್ದು. ಧಾರೆಯ ಹೊತ್ತಿಗೆ ಸುಮತಿ ಅಕ್ಕ ತಮ್ಮನ ಪಕ್ಕದಲ್ಲಿ ನಿಂತಿದ್ದರು, ಚೆಂಬು ಸರಿಯಾಗಿ ಹಿಡಿಯುವಂತೆ ಅವರನ್ನು ಗದರಿಸುತ್ತ.

ಆ ಟಿಕೆಟಿನ ನಂತರ ನನ್ನ ಕೆಲಸದ ರೀತಿಯಲ್ಲಿ ಒಂದು ಬದಲಾವಣೆ ಆಯಿತು. ಯಾರು ಬಂದರೂ ಎಲ್ಲಿಗೆ ಹೋಗಬೇಕು ಎಂದು ಕೇಳುವ ಮೊದಲು ಯಾರಲ್ಲಿಗೆ ಹೋಗಬೇಕು ಎಂದು ಕೇಳತೊಡಗಿದೆ. ಹೊಸದಾಗಿ ಸೇರಿದವರಿಗೂ ಹಾಗೆಯೇ ಕಲಿಸಿದೆ. 2018ರಲ್ಲಿ ಕೆಲಸ ಬಿಟ್ಟು ವರ್ಕಾಡಿಯ ನಮ್ಮ ಮನೆಯಲ್ಲಿ ಉಳಿದೆ.

2019ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ನಮ್ಮ ಅಂಗಳಕ್ಕೆ ಜೀಪು ಬಂತು. ಮೊದಲು ಸಂಜೀವಣ್ಣ, ಆಮೇಲೆ ಅವರ ಕೈ ಹಿಡಿದು ಸುಮತಿ ಅಕ್ಕ ಇಳಿದರು. ಅಕ್ಕನ ಇನ್ನೊಂದು ಕೈಯಲ್ಲಿ ಅದೇ ಹರಿವಾಣ ಇತ್ತು.

“ನೀನೇ ಅಲ್ವಾ ದುಬೈ ಮೊದಲು ಹಾಕಿದವಳು?” ಎಂದರು ಅಕ್ಕ ಮೆಟ್ಟಿಲು ಹತ್ತುತ್ತ.

“ಅಳಿಸಿದ್ದೂ ನಾನೇ ಅಕ್ಕ” ಎಂದೆ.

“ಅದಕ್ಕೇ ಬಂದದ್ದು ಮಾರಾಯ್ತಿ.”

ತಮ್ಮ ಮೊಮ್ಮಗನ ಮದುವೆಯ ಹೇಳಿಕೆಗೆ ಅಕ್ಕ ಭೂಮಿ ಸುತ್ತಲು ಹೊರಟಿದ್ದರು. ತನಗಿಂತ ದೊಡ್ಡವರು ಯಾರೂ ಇಲ್ಲದ್ದರಿಂದ ಕ್ರಮ ತಪ್ಪಿದರೂ ಕೇಳುವವರಿಲ್ಲ, ತನಗೆ ಯಾವ ದಿಕ್ಕಾದರೂ ಆದೀತು ಎಂದರು. ನನ್ನನ್ನು ಕರೆಯಲು ಮುಂದಿಟ್ಟ ಹರಿವಾಣದ ವೀಳ್ಯ, ಬರುವ ದಾರಿಯಲ್ಲಿ ಸಿಗುವ ಪೆರ್ಲದ ಅಂಗಡಿಯದು.

ಆ ಮದುವೆ 2019ರ ಡಿಸೆಂಬರ್ 7ರಂದು ಆಕ್ಲೆಂಡಿನಲ್ಲಿ ನಡೆಯಿತು. ಒಡಹುಟ್ಟಿದವರು ಐದೂ ಮಂದಿ ಇದ್ದರು. ನಾನೂ ಇದ್ದೆ.