ತಿರುಗಿ ನೋಡದ ಉಗ್ರಪ್ಪ

ಹೊಸಕೆರೆಹಳ್ಳಿಯ ಆಟೋ ಸ್ಟ್ಯಾಂಡಿನಲ್ಲಿ ಉಗ್ರಪ್ಪನಷ್ಟು ಸಾಧು ಮನುಷ್ಯ ಇನ್ನೊಬ್ಬನಿಲ್ಲ. ಹೆಸರಿಟ್ಟವರು ಏನು ಕಂಡು ಇಟ್ಟರೋ. ಅವನಿಗಿದ್ದದ್ದು ಒಂದೇ ಕೆಟ್ಟ ಚಾಳಿ: ಗಾಡಿ ಓಡಿಸುತ್ತಾ ಹಿಂದೆ ತಿರುಗಿ ಮಾತಾಡುವುದು. ನಾನೂ ಅದೇ ಸ್ಟ್ಯಾಂಡಿನವನು, ಪಕ್ಕದ ಮನೆಯವನು; ಎಷ್ಟು ಸಲ ಬೈದಿದ್ದೇನೋ. ಮಗಳು ಶಿಲ್ಪಶ್ರೀ ಬೈದರೆ ಮಾತ್ರ ಕೇಳುತ್ತಿದ್ದ, ಅದೂ ಮುಂದಿನ ಸಿಗ್ನಲ್‌ವರೆಗೆ.

ಪಿಯುಸಿ ಓದುವಾಗ ಹುಡುಗಿಯ ಕಿಡ್ನಿ ಕೆಟ್ಟಿತು. ಜಯನಗರಕ್ಕೆ ಡಯಾಲಿಸಿಸ್‌ಗೆಂದು ಅಪ್ಪನ ಆಟೋದಲ್ಲೇ ಹೋಗಿಬರುತ್ತಿದ್ದಳು. ಅಲ್ಲಿ ಮಲಗಿಕೊಂಡು ಗ್ರೀಕರ ಪುರಾಣ ಓದಿ ಓದಿ, ತಾನೇ ಒಂದು ಕಾದಂಬರಿ ಕಟ್ಟತೊಡಗಿದಳು. ಬರೆದದ್ದಕ್ಕಿಂತ ಹಿಂದಿನ ಸೀಟಿನಲ್ಲಿ ಕೂತು ಅಪ್ಪನಿಗೆ ಹೇಳಿದ್ದೇ ಹೆಚ್ಚು. ನನ್ನ ಗಾಡಿ ರಿಪೇರಿಗೆ ಹೋದಾಗ ನಾನೂ ಜೊತೆಗೆ ಕೂತು ಕೇಳಿದ್ದೇನೆ.

ಗ್ರೀಕರ ಕತೆಯಲ್ಲಿ ಒಬ್ಬ ಹಾಡುಗಾರ ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೆ ಇಳಿಯುತ್ತಾನಂತೆ. ಹೆಂಡತಿ ನಿನ್ನ ಹಿಂದೆಯೇ ಬರುತ್ತಾಳೆ, ಬೆಳಕು ಸೇರುವತನಕ ತಿರುಗಿ ನೋಡಬೇಡ ಎಂದು ಅಲ್ಲಿನ ಯಮ ಹೇಳಿ ಕಳಿಸುತ್ತಾನೆ. ಇವನು ನೋಡಿಬಿಡುತ್ತಾನೆ, ಅವಳು ಹೋಗಿಬಿಡುತ್ತಾಳೆ. ಶಿಲ್ಪಶ್ರೀಯ ಕಾದಂಬರಿಯಲ್ಲಿ ನಮ್ಮ ಕೆರೆಯ ತಳದಿಂದ ಪಾತಾಳಕ್ಕೆ ಇಳಿಯುವವಳು ಒಬ್ಬ ಹುಡುಗಿ, ಸತ್ತ ಗೆಳತಿಗಾಗಿ. ಅವಳು ಮನೆಯ ಹೊಸಿಲು ದಾಟಿ, ದೀಪ ಕಂಡ ಮೇಲೆಯೇ ತಿರುಗುತ್ತಾಳೆ. ಗೆಳತಿ ಜೀವಂತ ಬಂದಿರುತ್ತಾಳೆ.

ಉಗ್ರಪ್ಪ ಒಪ್ಪಲಿಲ್ಲ. "ಪ್ರಾಣದಂಥವ್ರು ಹಿಂದೆ ಬರ್ತಿದ್ರೆ ನೋಡ್ದೆ ಇರಕ್ಕಾಗುತ್ತಾ ಮಗ್ಳೇ?" ಎಂದ. ಅದನ್ನೂ ಹಿಂದೆ ತಿರುಗಿಕೊಂಡೇ ಹೇಳಿದ.

"ನೋಡಿದ್ರೆ ಹೋಗ್ಬಿಡ್ತಾರಪ್ಪಾ. ನೀನು ರೋಡ್ ನೋಡು," ಎಂದಳು. ಮೂವರೂ ನಕ್ಕೆವು.

ಈ ಸಲದ ಯುಗಾದಿಗೆ ಮುಂಚೆ ಶಿಲ್ಪಶ್ರೀ ತೀರಿಕೊಂಡಳು. ಅದು ಸಾಯುವ ವಯಸ್ಸೇ? ದೇವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಸ್ಮಶಾನದಲ್ಲಿ ಉಗ್ರಪ್ಪ ಹೆಗಲ ಮೇಲಿನ ಮಡಕೆಯನ್ನು ಹಿಂದಕ್ಕೆ ಬಿಟ್ಟ. ಇನ್ನು ತಿರುಗಬೇಡ ಎಂದರು ಹಿರಿಯರು. ತಿರುಗಿ ನೋಡಿದರೆ ಸತ್ತವರು ಆಸೆಪಟ್ಟು ಬೆನ್ನಿಗೆ ಬರುತ್ತಾರೆ ಅನ್ನುವುದು ನಮ್ಮ ಕಡೆಯ ಮಾತು. ಇವನು ತಡೆದುಕೊಳ್ಳಲಾರ ಎಂದು ನಾನು ಹಿಂದೆಯೇ ನಡೆದೆ. ಅವನು ತಿರುಗಲಿಲ್ಲ. ಗೇಟು ದಾಟಿದರೂ ತಿರುಗಲಿಲ್ಲ. ನನ್ನ ಆಟೋದಲ್ಲಿ ಹಿಂದಿನ ಸೀಟು ಪೂರ್ತಿ ಖಾಲಿಯಿದ್ದರೂ ಮುಂದೆ ನನ್ನ ಪಕ್ಕಕ್ಕೆ ಒತ್ತಿಕೊಂಡು ಕೂತ. ಕೈಚಾಚಿ ಕನ್ನಡಿಯನ್ನು ಆಚೆಗೆ ಹೊರಳಿಸಿದ. ಗಟ್ಟಿ ಮನಸ್ಸು ಮಾಡಿದ ಎಂದು ನೆಂಟರು ಮೆಚ್ಚಿಕೊಂಡರು. ನಾನೂ ಹಾಗೇ ಅಂದುಕೊಂಡೆ.

ಮನೆಯಲ್ಲಿ ಅವಳನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಸ್ಮಶಾನಕ್ಕೆ ಹೋದವರೆಲ್ಲ ಅದನ್ನು ನೋಡಿಯೇ ತಮ್ಮ ಮನೆಗೆ ಹೋಗಬೇಕು. ಉಗ್ರಪ್ಪ ಹೊಸಿಲು ದಾಟಿದ, ದೀಪ ನೋಡಿದ. ಆಮೇಲೆ ಗೋಡೆಯ ಕಡೆಗೆ ಸರಿದು, ಬೆನ್ನು ಬಾಗಿಲಿಗೆ ಮಾಡಿಯೇ, ಇನ್ನೊಬ್ಬರು ಒಳಬರುವಷ್ಟು ಜಾಗ ಬಿಟ್ಟು ನಿಂತ. ನನಗೇ ದಾರಿ ಬಿಟ್ಟನೆಂದು ನಾನು ಒಳಗೆ ಕಾಲಿಟ್ಟೆ.

"ಬಂದ್ಯಾ ಮಗ್ಳೇ?" ಎನ್ನುತ್ತಾ ತಿರುಗಿದ.

ಎದುರಿಗೆ ನಾನಿದ್ದೆ.