ತಂಗಿಯ ಕಾಲಿಗೆ ಕಟ್ಟಿದ ಸೀರೆ

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅವ್ವ ತೀರಿಕೊಂಡಾಗ ತಂಗಿಗೆ ಎರಡು ವರ್ಷ. ರಾಯಚೂರು ಕಡೆಯಿಂದ ಅಪ್ಪನ ಜೊತೆ ಬಂದು ತೆಲುಗು ನಾಡಿನ ಮಣಿಕೊಂಡದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತೆ. ಲಿಫ್ಟಿಗೆಂದು ಬಿಟ್ಟ ಗುಂಡಿ ಸದಾ ತೆರೆದೇ ಇರುತ್ತಿತ್ತು. ಅಲ್ಲಿನ ತಾಯಂದಿರು ಮಾಡುತ್ತಿದ್ದಂತೆ ನಾನೂ, ಅವಳಿಗೆ ಐದು ತುಂಬುವ ತನಕ, ಹಳೆ ಸೀರೆಯ ತುಂಡಿನಿಂದ ತಂಗಿಯ ಕಾಲನ್ನು ಕಂಬಕ್ಕೆ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದೆ.

ಅವಳೀಗ ಲಿಂಗಂಪಲ್ಲಿಯಲ್ಲಿ ಎಂಟನೇ ತರಗತಿ. ಹೋದ ವರ್ಷ ಅವಳ ತೆಲುಗು ಟೀಚರ್ ಒಂದು ಪುಸ್ತಕವನ್ನು ದಿನಕ್ಕಿಷ್ಟು ಎಂದು ಓದಿ ಹೇಳಿದರಂತೆ. ಒಬ್ಬಾಕೆ ತನ್ನ ಬಾಲ್ಯವನ್ನೆಲ್ಲ ಪದ್ಯದಲ್ಲೇ ಹೇಳಿಕೊಂಡ ಪುಸ್ತಕ. ಆಮೇಲೆ, ನೀವೂ ಹಾಗೆ ಬರೆದು ಮನೆಯವರ ಮುಂದೆ ಓದಿ ಎಂದರು. ನಾನು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಸೀರೆ ಉಟ್ಟು ಶಾಲೆಗೆ ಹೋದೆ.

ತಂಗಿ ಓದತೊಡಗಿದಳು. ಕಂಬ, ಕಾಲಿನ ಗಂಟು, ಗಂಟು ಬಿಟ್ಟಷ್ಟೇ ಅಗಲದ ಅವಳ ಊರು, ಆ ಊರಿನ ಇರುವೆಗಳು. ಹಿಂದೆ ಕೂತ ಹೆಂಗಸೊಬ್ಬಳು "ಅಯ್ಯೋ" ಅಂದಳು. ಟೀಚರ್ ನನ್ನ ಕಡೆ ನೋಡಿದರು. ಎದ್ದು ನಿಂತೆ.

"ಅಂತಾ ಅಬದ್ಧಂ ಮೇಡಂ. ಎಲ್ಲಾ ಸುಳ್ಳು. ನಾವು ಕೂಸಿನ್ನ ಕಟ್ಟಿ ಹಾಕೋ ಮಂದಿ ಅಲ್ಲ."

ಯಾರೋ ಹುಡುಗಿ ಕಿಸಕ್ಕೆಂದಳು. ತಂಗಿ ಹಾಳೆ ಮಡಚಿ ಕೂತಳು.

ದಾರಿಯಲ್ಲಿ ಕೇಳಿದಳು: "ಯಾಕ ಹಂಗಂದಿ ಅಕ್ಕಾ? ಕಟ್ಟಿದ್ದು ಖರೆ ಅಲಾ?"

"ಖರೆ ಇದ್ರ ಊರಿಗೆಲ್ಲಾ ಡಂಗುರ ಹೊಡಿಬೇಕೇನ?"

"ಕಡೀತನಕ ಕೇಳಬೇಕಿತ್ತು ನೀ."

ತೆಲುಗು ಅಕ್ಷರ ನನಗೆ ಬಾರದು. ಮನೆಗೆ ಬಂದು ನಾನೇ ಕಾಡಿ ಓದಿಸಿಕೊಂಡೆ. ಅವಳು ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಓದಿದಳು. ಪದ್ಯದ ಕೊನೆಗೆ, ಖಾಲಿ ಬುಟ್ಟಿ ಹಿಡಿದು ಇಳಿದಾಗಲೆಲ್ಲ ಅಕ್ಕ ನನ್ನ ಹತ್ತಿರ ಬರುತ್ತಿದ್ದಳು, ಗಂಟು ಸಡಿಲಿಸಿ ಕಾಲು ತಿಕ್ಕುತ್ತಿದ್ದಳು, ಅವಳ ಅಂಗೈ ಒರಟು, ಆದರೆ ಅದಕ್ಕಿಂತ ಮೆತ್ತಗಿನದನ್ನು ನಾನು ಕಂಡಿಲ್ಲ ಎಂದಿತ್ತು.

ಮರುದಿನವೇ ಹೋಗಿ ಟೀಚರಿಗೆ ನಿಜ ಹೇಳಬೇಕಿತ್ತು. ನಾಳೆ, ನಾಡಿದ್ದು ಅಂದುಕೊಂಡೆ. ಅಷ್ಟರಲ್ಲಿ ತಂಗಿ ಬೇರೆ ಪದ್ಯ ಬರೆದುಕೊಟ್ಟಿದ್ದಳು. ಅದನ್ನು ತರಗತಿಯ ಗೋಡೆಗೆ ಅಂಟಿಸಿದ್ದಾರಂತೆ.

"ಅದರಾಗ ಏನೈತಿ?" ಅಂದೆ.

"ಮಾವಿನ ಗಿಡ, ಜೋಕಾಲಿ, ಅವ್ವ."

"ನಾ ಇಲ್ಲೇನ?"

"ನಿನ್ನ ಬರದ್ರ ಸುಳ್ಳಾಕ್ಕೈತಲಾ ಅಕ್ಕಾ," ಅಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ನಾನು ಇನ್ನೂ ಆ ಶಾಲೆಗೆ ಹೋಗಿಲ್ಲ.