ಗಿರಿಜಕ್ಕನ ಮೇಲೆ ನಾನು ಹೊರಿಸಿದ ತಪ್ಪು

ಐದು ವರ್ಷದ ಹಿಂದಿನ ಮಾತು. ಮಗಳು ಧನ್ಯಳಿಗೆ ಆಗ ಎರಡೂವರೆ ವರ್ಷ. ನನ್ನ ಗಂಡ ಬಣಕಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಾನು ಶಾಲೆಯಲ್ಲಿ ಟೀಚರ್. ಹಗಲು ಹೊತ್ತು ಧನ್ಯಳನ್ನು ಎಸ್ಟೇಟಿನ ಶಿಶುವಿಹಾರದಲ್ಲಿ ಬಿಡುತ್ತಿದ್ದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಗಿರಿಜಕ್ಕ.

ಒಮ್ಮೆ ಅವರು, ಮಗುವಿನ ಮೇಲಿನ ಹಲ್ಲಿನ ಬುಡದಲ್ಲಿ ಬಿಳಿ ಗೆರೆ ಕಾಣುತ್ತಿದೆ, ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ, ಹಾಲು ಕುಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ಹಲ್ಲು ಒರೆಸಿ ಎಂದಿದ್ದರು. ಹಲ್ಲು ಹುಳುಕಾಗುವುದು ಹೀಗೇ ಶುರು ಎಂದು, ಶಿಶುವಿಹಾರಕ್ಕೆ ಬಂದಿದ್ದ ನರ್ಸೊಬ್ಬರು ಹೇಳಿದ್ದರಂತೆ. ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುತ್ತದೆ ಎಂದು ನಾನು ನಕ್ಕುಬಿಟ್ಟೆ. ಆಯಾ ಒಬ್ಬಳು ಟೀಚರಿಗೆ ಹೇಳಿಕೊಡುವುದೇ ಎಂಬ ಬಿಗುಮಾನವೂ ಒಳಗಿತ್ತು.

ಜನವರಿಯಲ್ಲಿ, ಕಾಫಿ ಕುಯ್ಲು ಜೋರಾಗಿದ್ದಾಗ, ಧನ್ಯ ಊಟ ಬಿಟ್ಟಳು. ಅನ್ನ ಬಾಯಿಗಿಟ್ಟರೆ ಅಳು. ತುಟಿ ಎತ್ತಿ ನೋಡಿದರೆ ಮೇಲಿನ ನಾಲ್ಕು ಹಲ್ಲುಗಳು ಕಂದುಬಣ್ಣಕ್ಕೆ ತಿರುಗಿದ್ದವು, ಒಂದಂತೂ ಒಸಡಿನವರೆಗೆ ಮುರಿದಿತ್ತು. ಶಿಶುವಿಹಾರದ ಶೆಲ್ಫಿನಲ್ಲಿ ಬೆಲ್ಲದ ಡಬ್ಬಿ ಇದ್ದದ್ದು ನೆನಪಾಯಿತು. ನನಗೆ ಅಷ್ಟೇ ಸಾಕಾಯಿತು.

ಮರುದಿನ ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ಆಳುಗಳೆಲ್ಲ ಕಾಫಿ ಒಣಗಿಸುವ ಕಣದಲ್ಲಿ ಸೇರಿದ್ದರು. ಮ್ಯಾನೇಜರ್ ಮುಂದೆಯೇ ಮಗಳ ಬಾಯಿ ತೆರೆದು ತೋರಿಸಿದೆ. ಮಕ್ಕಳು ಅಳಬಾರದೆಂದು ಗಿರಿಜಕ್ಕ ಬಾಯಿಗೆ ಬೆಲ್ಲ ತುರುಕುತ್ತಾಳೆ ಎಂದು ಕೂಗಾಡಿದೆ. ಅದು ತನ್ನ ಕಾಫಿಗೆ ಇಟ್ಟುಕೊಂಡ ಬೆಲ್ಲ ಎಂದು ಆಕೆ ಎರಡು ಸಲ ಹೇಳಿದರು. ರೈಟರ ಹೆಂಡತಿಯ ಮಾತೇ ನಡೆಯಿತು. ಮಧ್ಯಾಹ್ನದೊಳಗೆ ಅವರನ್ನು ಕೆಲಸದಿಂದ ತೆಗೆದರು.

ಎರಡು ದಿನ ಬಿಟ್ಟು ಧನ್ಯಳನ್ನು ಚಿಕ್ಕಮಗಳೂರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿಯೂ ಆಯಾಳ ಬೆಲ್ಲದ ಕಥೆಯನ್ನೇ ಶುರುಮಾಡಿದೆ. ಡಾಕ್ಟರಮ್ಮ ನಡುವೆಯೇ ತಡೆದು, ಮಗು ಹೇಗೆ ಮಲಗುತ್ತದೆ ಎಂದು ಕೇಳಿದರು. ಬಾಟಲಿ ಬಾಯಲ್ಲಿದ್ದರೇ ನಿದ್ದೆ, ಹಾಲಿಗೆ ಎರಡು ಚಮಚ ಸಕ್ಕರೆ ಹಾಕುತ್ತೇನೆ ಎಂದೆ.

"ಸಿಹಿ ಹಾಲು ಇಡೀ ರಾತ್ರಿ ಮೇಲಿನ ಹಲ್ಲಿಗೆ ಅಂಟ್ಕೊಂಡಿರ್ತದೆ. ಕೆಳಗಿನವು ನಾಲಿಗೆ ಮರೇಲಿ ಉಳ್ಕೊಂಡಿವೆ, ನೋಡಿ," ಎಂದು ಅವರು ಧನ್ಯಳ ಕೆಳತುಟಿ ಸರಿಸಿ ತೋರಿಸಿದರು. "ಇದು ಬಾಟಲಿಯಿಂದಲೇ ಆಗಿದ್ದು. ಮೊದಲ ಹಲ್ಲು ಬಂದ ದಿನದಿಂದಲೇ ನೀವು ಉಜ್ಜಬೇಕಿತ್ತು."

ನಾಲ್ಕೂ ಹಲ್ಲುಗಳನ್ನು ಕೀಳಬೇಕಾಯಿತು. ನಾನು ಹೊರಗೆ ನಿಂತು ಅವಳ ಅಳು ಕೇಳಿಸಿಕೊಂಡೆ.

ಗಂಡನಿಗೆ ನಿಜ ಹೇಳಲು ಹದಿನೈದು ದಿನ ಬೇಕಾಯಿತು. ಅವರು, ಬೇರೆ ಆಯಾ ಬಂದಾಗಿದೆ, ಈಗ ನೀನು ಬಾಯಿ ಬಿಟ್ಟರೆ ನಾನು ತೋಟದಲ್ಲಿ ಹೇಗೆ ತಲೆಯೆತ್ತಿ ಓಡಾಡಲಿ ಎಂದರು. ನಿಜ ಹೇಳಬೇಕೆಂದರೆ, ಆ ಮಾತು ನನಗೂ ಅನುಕೂಲವೇ ಆಯಿತು.

ಮಳೆಗಾಲದ ಹೊತ್ತಿಗೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಗಿರಿಜಕ್ಕ ಸಿಕ್ಕಿದರು. ಮಂಡಿನೋವಿನಲ್ಲೂ ಜಾವಳಿ ಕಡೆಯ ತೋಟವೊಂದರಲ್ಲಿ ಕಳೆ ತೆಗೆಯಲು ಹೋಗುತ್ತಿದ್ದರಂತೆ. ಎಲ್ಲವನ್ನೂ ಹೇಳಿ, ತಪ್ಪು ನನ್ನದೇ, ಕ್ಷಮಿಸಿ ಎಂದೆ.

"ಅವತ್ತು ಎಲ್ಲರೆದುರು ಹೇಳಿದ್ರಿ ಟೀಚರಮ್ಮ. ಇವತ್ತು ನನ್ನೊಬ್ಬಳ ಕಿವೀಲಿ ಹೇಳ್ತಿದೀರಿ."

ಬಸ್ಸು ಬಂತು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಹೋದರು.

ಧನ್ಯಳಿಗೆ ಈಗ ಹೊಸ ಹಲ್ಲುಗಳು ಬಂದಿವೆ. ನಾವು ಆ ಎಸ್ಟೇಟು ಬಿಟ್ಟು ಎರಡು ವರ್ಷವಾಯಿತು. ಗಂಡನ ಮರ್ಯಾದೆಯ ನೆಪವೂ ಈಗ ಉಳಿದಿಲ್ಲ. ಆದರೂ ನಾನು ಅಲ್ಲಿಗೆ ಹೋಗಿ ಎಲ್ಲರೆದುರು ನಿಜ ಹೇಳಿಲ್ಲ. ಬದಲಿಗೆ ಇಲ್ಲಿ ಬರೆಯುತ್ತಿದ್ದೇನೆ. ಅಂದು ಕಣದಲ್ಲಿ ನಿಂತಿದ್ದವರಲ್ಲಿ ಒಬ್ಬರೂ ಇದನ್ನು ಓದುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.